ಲುಬ್ಬರ್ಟ್ ಪರದೆ ಹಾಕಿದ ವರ್ಷ

ನಮ್ಮ ಲೈನ್‌ಬಾನ್ ಬೀದಿಯ ಮನೆಗಳ ಕೀಲಿಕೈಗಳೆಲ್ಲ ಒಂದು ಕಾಲದಲ್ಲಿ ಲುಬ್ಬರ್ಟ್ ಹೊಲ್ಟ್ರೊಪ್‌ನ ಮನೆಯಲ್ಲಿ ಇರುತ್ತಿದ್ದವು. ಬಾಗಿಲು ತೆರೆದ ಕೂಡಲೇ ಬಲಗಡೆ ಸಿಗುವ ಕರೆಂಟ್ ಮೀಟರಿನ ಕಪಾಟಿನೊಳಗೆ ಒಂದು ಹಲಗೆ, ಹಲಗೆಯ ತುಂಬ ಕೊಕ್ಕೆ, ಒಂದೊಂದು ಕೊಕ್ಕೆಗೂ ಒಂದೊಂದು ಮನೆ. ಬೇಸಿಗೆಯಲ್ಲಿ ನಾವೆಲ್ಲ ಗುಡಾರ ಕಟ್ಟಿಕೊಂಡು ಫ್ರಾನ್ಸಿನ ಕಡೆ ಹೊರಟರೆ ಬೀದಿಯ ಬೆಕ್ಕುಗಳಿಗೆ, ಹೂಕುಂಡಗಳಿಗೆ, ಅಕ್ವೇರಿಯಂ ಮೀನುಗಳಿಗೆ ಅವನೇ ದಿಕ್ಕು. ನನ್ನ ಬೆಕ್ಕಿಗಂತೂ ನನಗಿಂತ ಅವನೇ ಹೆಚ್ಚು. ನಾವು ರಜೆ ಮುಗಿಸಿ ಬಂದರೆ ಅದು ಒಂದು ವಾರ ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಕೀಲಿಕೈ ಕಾಯುವುದು ಅವನಿಗೆ ಕಲಿತ ಕಸುಬು. ನದಿ ದಂಡೆಯ ಪ್ರಾಥಮಿಕ ಶಾಲೆಯಲ್ಲಿ ಅವನು ಜೀವಮಾನವಿಡೀ ಕಟ್ಟಡ ನೋಡಿಕೊಳ್ಳುವ ಕೆಲಸದಲ್ಲಿದ್ದ. ಬೆಳಗ್ಗೆ ಬಾಗಿಲು ತೆರೆಯುವುದು, ಸಂಜೆ ಮುಚ್ಚುವುದು, ನಡುವೆ ಮಕ್ಕಳ ಮೂಗು ಒರೆಸುವುದು, ಸೈಕಲ್ ಪಂಕ್ಚರ್ ಹಾಕುವುದು. ಅವನ ಕೈಯಲ್ಲಿ ಮೂಗು ಒರೆಸಿಸಿಕೊಂಡವರೇ ಇವತ್ತು ಈ ಊರಿನ ಅರ್ಧ ಜನ. ಎಲ್ಲರೂ ಅವನನ್ನು 'ಬ್ಯೂರ್ಮನ್' ಎಂದೇ ಕರೆಯುತ್ತಿದ್ದರು. ಪಕ್ಕದ ಮನೆಯವನನ್ನು ಕರೆಯುವ ಮಾತು ಅದು, ನಾಲ್ಕು ಬೀದಿ ಆಚೆಯವರಿಗೂ ಅವನು ಬ್ಯೂರ್ಮನ್ನೇ.

ನಾನು ಗೇಶ್ಯೆ, ಅವನ ಎದುರು ಮನೆಯವಳು. ಮೂಲೆಯ ಬೇಕರಿಯಲ್ಲಿ ಗಲ್ಲಾದ ಹಿಂದೆ ನಿಲ್ಲುತ್ತೇನೆ. ಬ್ರೆಡ್ಡು ಕೊಳ್ಳಲು ಬಂದವರು ಬ್ರೆಡ್ಡಿನ ಜೊತೆ ಊರಿನ ಸುದ್ದಿಯನ್ನೂ ಹಂಚಿ ಹೋಗುತ್ತಾರೆ. ನನ್ನ ನಾಲಿಗೆ ಸ್ವಲ್ಪ ಹರಿತ ಎಂದು ನನ್ನ ಗಂಡ ಬೆರೆಂಡ್ ಹೇಳುತ್ತಾನೆ. ಈ ಕಥೆಯನ್ನು ತಣ್ಣಗೆ ಹೇಳಲು ನನ್ನಿಂದ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹಿಲ್ಲಿ, ಅಂದರೆ ಅವನ ಹೆಂಡತಿ, ತೀರಿಕೊಂಡ ಮೇಲೆ ಲುಬ್ಬರ್ಟ್ ತನ್ನ ಮುಂಗಿಟಕಿಯ ಕೆಳಗೆ ಕಾಲುದಾರಿಗೆ ತಾಗಿದಂತೆ ಒಂದು ಬೆಂಚು ಹಾಕಿಸಿದ. ಹಸಿರು ಬಣ್ಣ ತಾನೇ ಬಳಿದ. ಮಕ್ಕಳಿರಲಿಲ್ಲ, ಮಾತಾಡಲು ಜನ ಬೇಕಿತ್ತು. ಅಂಗಡಿಯಿಂದ ಬರುವ ಮುದುಕಿಯರು ಚೀಲ ಇಳಿಸಿ ಅಲ್ಲಿ ಕೂರುತ್ತಿದ್ದರು. ಅವನು ಒಳಗಿನಿಂದಲೇ ನೋಡಿ ಕಾಫಿ ಹಿಡಿದು ಬರುತ್ತಿದ್ದ. ಬಿಸ್ಕತ್ತಿನ ಡಬ್ಬಿ ತೆರೆದು ತಲೆಗೊಂದು ಕೊಟ್ಟು ಟಪ್ಪೆಂದು ಮುಚ್ಚುತ್ತಿದ್ದ. ಕಾಫಿಗೆ ಒಂದೇ ಬಿಸ್ಕತ್ತು ಎಂಬುದು ನಮ್ಮ ಊರಿನವರ ಹುಟ್ಟು ಜಿಪುಣತನ, ಅಷ್ಟರ ಮಟ್ಟಿಗೆ ಅವನೂ ನಮ್ಮವನೇ.

ನಮ್ಮ ಬೀದಿಯಲ್ಲಿ ಕಿಟಕಿಗೆ ಪರದೆ ಎಳೆಯುವವರಿಲ್ಲ. ಸಂಜೆ ದೀಪ ಹಾಕಿಕೊಂಡು, ಇಡೀ ಬೀದಿಗೆ ಕಾಣುವ ಹಾಗೆ ಕೂತು ಊಟ ಮಾಡುತ್ತೇವೆ. ಹಾದು ಹೋಗುವವರು ಯಾರ ಮನೆಯಲ್ಲಿ ಹಸಿರು ಬಟಾಣಿ ಸೂಪು, ಯಾರ ಮನೆಯಲ್ಲಿ ಜಗಳ ಎಂದು ನೋಡಿಕೊಂಡೇ ಹೋಗುತ್ತಾರೆ, ನೋಡದವರ ಹಾಗೆ. ಮುಚ್ಚಿಡುವುದು ಏನೂ ಇಲ್ಲದವನಿಗೆ ಪರದೆ ಏಕೆ ಎಂಬುದು ನಾವು ತಾಯಿಯ ಹಾಲಿನ ಜೊತೆ ಕುಡಿದ ಪಾಠ. ಈಗ ಯೋಚಿಸಿದರೆ ಅದೇ ನಮಗೆ ಅಂಟಿದ ದೊಡ್ಡ ರೋಗ ಅನ್ನಿಸುತ್ತದೆ.

ಇಂಟರ್‌ನೆಟ್ ಕಂಪನಿಯ ಹುಡುಗ ಲುಬ್ಬರ್ಟ್‌ನ ಮನೆಗೆ ವೈಫೈ ಪೆಟ್ಟಿಗೆ ತಂದಾಗ, ಅದನ್ನು ಮುಂಗಿಟಕಿಯ ಅಂಚಿನ ಮೇಲೆ ಹಿಲ್ಲಿಯ ಆರ್ಕಿಡ್ ಕುಂಡಗಳ ನಡುವೆ ಇಟ್ಟು ಹೋದ. ಮಿಣುಕುವ ದೀಪಗಳ ಮುಖ ಕೋಣೆಯ ಕಡೆಗೆ, ಬೆನ್ನು ಬೀದಿಯ ಕಡೆಗೆ. ಬೆನ್ನ ಮೇಲೆ ಬಿಳಿ ಸ್ಟಿಕ್ಕರ್. ಸ್ಟಿಕ್ಕರಿನಲ್ಲಿ ಪೆಟ್ಟಿಗೆಯ ಹೆಸರು, ಅದರ ಕೆಳಗೆ ಪಾಸ್‌ವರ್ಡ್, ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ಬೆಂಚಿನ ಮೇಲೆ ಕೂತು ಕತ್ತು ಹೊರಳಿಸಿ, ಮೊಬೈಲಿನ ಕ್ಯಾಮೆರಾ ಸ್ವಲ್ಪ ಹಿಗ್ಗಿಸಿದರೆ ಸಾಕು, ಅಕ್ಷರ ಅಕ್ಷರವೂ ಓದಬಹುದಿತ್ತು.

ಬೆರೆಂಡ್ ಒಂದು ಸಲ ಹೇಳಿದ್ದ.

"ಬ್ಯೂರ್ಮನ್, ಆ ಡಬ್ಬಿ ತಿರುಗಿಸಿಡು ಮಾರಾಯ. ಹೋಗೋ ಬರೋರೆಲ್ಲ ನಿನ್ನ ಪಾಸ್‌ವರ್ಡ್ ಓದ್ಕೊಂಡು ಹೋಗ್ತಾರೆ."

"ಓದ್ಲಿ ಬಿಡೋ," ಅಂದ ಲುಬ್ಬರ್ಟ್. "ಓದಿ ಏನ್ ಮಾಡ್ತಾರೆ? ನನ್ನ ಹವಾಮಾನ ಕದೀತಾರಾ? ನಾನದ್ರಲ್ಲಿ ಹವಾಮಾನ ಬಿಟ್ರೆ ಬೇರೇನೂ ನೋಡಲ್ಲ."

"ಅದ್ನ ಬದಲಾಯ್ಸೋಕೂ ಆಗತ್ತೆ, ಗೊತ್ತಾ?"

"ಯಾಕೆ ಬದಲಾಯ್ಸ್ಬೇಕು? ಬೀದಿಲಿರೋ ಹುಡುಗ್ರ ಫೋನೆಲ್ಲ ಇದ್ಕೇ ಅಂಟ್ಕೊಂಡಿವೆ. ಬದಲಾಯ್ಸಿದ್ರೆ ಎಲ್ರೂ ಬಂದು ನನ್ನ ತಲೆ ತಿಂತಾರೆ."

ಅವನಿಗೆ ಅದೊಂದು ಹೆಮ್ಮೆ. ಯಾರ ಮನೆಯ ವೈಫೈ ಜಾಲ ಕೆಟ್ಟರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಮನೆ ಕೀಲಿಯನ್ನೇ ನಂಬಿ ಕೊಟ್ಟ ಜನಕ್ಕೆ ಎಂಟು ಹತ್ತು ಅಕ್ಷರ ಕೊಡಲು ಜಿಪುಣತನ ಏಕೆ ಎಂಬುದು ಅವನ ಲೆಕ್ಕ. ನಮ್ಮಂಥವರಿಗೆ ಅದು ಸರಿಯಾಗಿಯೇ ಕಂಡಿತ್ತು.

ಆ ಬೆಂಚಿನ ಮೇಲೆ ಕೂರುವವರಲ್ಲಿ ಒಬ್ಬ ನಮ್ಮ ಬೀದಿಯವನಲ್ಲ. ವಯಸ್ಸಾದವನು, ಒಳ್ಳೆಯ ಕೋಟು, ಇಸ್ತ್ರಿ ಮಾಡಿದ ಮಫ್ಲರು, ಜೊತೆಗೆ ಗಿಡ್ಡ ಕಾಲಿನ ಉದ್ದನೆಯ ನಾಯಿ. ಸಂಜೆ ನಾಯಿ ಅಡ್ಡಾಡಿಸಲು ಬಂದವನು ಕೂತು ಮೊಬೈಲು ಒತ್ತಿ, ಸ್ವಲ್ಪ ಹೊತ್ತಿಗೆ ಎದ್ದು ಹೋಗುತ್ತಿದ್ದ. ಲುಬ್ಬರ್ಟ್ ನಾಯಿಗೆ ಬಟ್ಟಲಲ್ಲಿ ನೀರಿಟ್ಟ. ಚಳಿ ಶುರುವಾದಾಗ ಮನುಷ್ಯನಿಗೂ ಕಾಫಿ ಕೊಟ್ಟ. "ಅವ್ನು ಮಾತಾಡಲ್ಲ ಕಣೆ, ಆದ್ರೆ ನಾಯಿ ತುಂಬಾ ಸಭ್ಯ," ಅಂತ ನನ್ನ ಹತ್ತಿರ ಹೇಳಿದ್ದ.

ಆ ಹೊತ್ತಿಗೆ ಊರಿನಲ್ಲಿ ಇನ್ನೊಂದು ಗಲಾಟೆ ಎದ್ದಿತ್ತು. ಮಕ್ಕಳು ಕಡಿಮೆಯಾಗಿ ಲುಬ್ಬರ್ಟ್‌ನ ಹಳೆಯ ಶಾಲೆ ಮುಚ್ಚಿ ಖಾಲಿ ಬಿದ್ದಿತ್ತು. ಯುದ್ಧದಿಂದ ಓಡಿ ಬಂದ ಕುಟುಂಬಗಳನ್ನು ಅಲ್ಲಿ ಇಳಿಸುತ್ತೇವೆ ಎಂದು ಮೇಯರಮ್ಮ ಹೇಳಿದರು. ಊರು ಎರಡು ಭಾಗವಾಯಿತು. ಸಭಾಭವನದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ ಇಟ್ಟರು. ಬಾಯಿಗೆ ಬಂದಂತೆ ಕೂಗಾಡಿದವರ ನಡುವೆ ಲುಬ್ಬರ್ಟ್ ಎದ್ದು ನಿಂತು, ಟೋಪಿ ಕೈಯಲ್ಲಿ ಹಿಡಿದು, "ಆ ಕಟ್ಟಡದಲ್ಲಿ ಜನ ಇರೋಕಾಗಲ್ಲ. ಬಿಸಿನೀರಿನ ಪೈಪೆಲ್ಲ ತುಕ್ಕು ಹಿಡಿದಿವೆ. ಚಳಿಗಾಲದಲ್ಲಿ ಮಕ್ಕಳು ಸತ್ತೇ ಹೋಗ್ತಾರೆ," ಅಂದ. ಮೊದಲು ಪೈಪು ಬದಲಾಯಿಸಿ, ಆಮೇಲೆ ಕರೆಯಿರಿ ಎನ್ನುವುದು ಅವನ ಮಾತಿನ ಅರ್ಥ. ಅದನ್ನು ಹೇಳುವಷ್ಟರಲ್ಲಿ, ಆ ಕುಟುಂಬಗಳು ಬೇಡವೆನ್ನುವ ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿ ಮಾತು ಮುಳುಗಿಸಿದರು. ಅವನು ಗಲಿಬಿಲಿಗೊಂಡು ಕೂತುಬಿಟ್ಟ.

ಕೆಲವು ವಾರ ಕಳೆದು ಮೇಯರಮ್ಮನಿಗೆ ಹೆಸರಿಲ್ಲದ ಸಂದೇಶಗಳು ಬರತೊಡಗಿದವು. ಶಾಲೆಗೆ ಬೆಂಕಿ ಇಡುತ್ತೇವೆ, ಒಳಗೆ ಯಾರಿದ್ದರೂ ಸರಿ, ನಿನ್ನ ಮಗಳು ಯಾವ ದಾರಿಯಲ್ಲಿ ಸೈಕಲ್ ಹೊಡೆಯುತ್ತಾಳೆ ಅಂತ ನಮಗೆ ಗೊತ್ತು ಎಂದೆಲ್ಲ. ಬೇಕರಿಯಲ್ಲಿ ಅದನ್ನು ಹೇಳುವಾಗ ಜನರ ದನಿ ತಗ್ಗುತ್ತಿತ್ತು.

ಪೊಲೀಸರು ನಮ್ಮ ಬೀದಿಗೆ ಬಂದಿದ್ದು ಒಂದು ಮುಂಜಾನೆ. ನಾನು ಬೇಕರಿಗೆ ಹೊರಡಲು ಸೈಕಲ್ ಇಳಿಸುತ್ತಿದ್ದೆ. ಎರಡು ವ್ಯಾನು ಲುಬ್ಬರ್ಟ್‌ನ ಬಾಗಿಲಿಗೆ ನಿಂತವು. ಅವನು ರಾತ್ರಿಯುಡುಪಿನಲ್ಲೇ ಬಾಗಿಲು ತೆರೆದ. ಯಾರ ಮನೆಯಲ್ಲೋ ಕಳ್ಳತನವಾಗಿದೆ, ಕೀಲಿಕೈ ಕೇಳಲು ಬಂದಿದ್ದಾರೆ ಎಂದುಕೊಂಡನಂತೆ. "ಯಾರ ಮನೆದು ಬೇಕು?" ಅಂತ ಕೇಳಿದನಂತೆ. ಅವರು ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು.

ಪರದೆ ಇಲ್ಲದ ಬೀದಿ ಆ ದಿನ ಚೆನ್ನಾಗಿಯೇ ಕೆಲಸಕ್ಕೆ ಬಂತು. ಇಡೀ ಬೀದಿ ತಂತಮ್ಮ ಕಿಟಕಿಯಲ್ಲಿ ಕಾಫಿ ಲೋಟ ಹಿಡಿದು ನಿಂತು ನೋಡಿತು. ಹಿಲ್ಲಿಯ ಹೊಲಿಗೆ ಪೆಟ್ಟಿಗೆ ಮಗುಚಿದ್ದನ್ನು ನೋಡಿತು. ಅವನ ಕಂಪ್ಯೂಟರ್, ಮೊಬೈಲು, ಕಿಟಕಿಯಂಚಿನ ಆ ಪೆಟ್ಟಿಗೆ, ಎಲ್ಲವನ್ನೂ ಚೀಲಕ್ಕೆ ಹಾಕಿದ್ದನ್ನು ನೋಡಿತು. ಕೊನೆಗೆ ಅವನನ್ನು ಕೋಟು ತೊಡಿಸಿ ವ್ಯಾನಿಗೆ ಹತ್ತಿಸಿದ್ದನ್ನೂ ನೋಡಿತು. ನಾನು ಓಡಿ ಹೋಗಿ ಒಬ್ಬ ಪೊಲೀಸ್ ಹೆಂಗಸನ್ನು ತಡೆದೆ.

"ಏನಮ್ಮ ಇದು? ಯಾರನ್ನ ಎತ್ಕೊಂಡು ಹೋಗ್ತಿದೀರಿ ಅಂತ ಗೊತ್ತಾ ನಿಮಗೆ?"

"ಸಂದೇಶ ಬಂದಿರೋದು ಈ ಮನೆ ಕನೆಕ್ಷನ್ನಿಂದ," ಅಂದಳು ಅವಳು. "ಕನೆಕ್ಷನ್ ಇವರ ಹೆಸರಲ್ಲಿದೆ. ದಾರಿ ಬಿಡಿ."

ಸಂಜೆಗೆ ಬಿಟ್ಟು ಕಳಿಸಿದರು. ಕೇಸು ಮಾತ್ರ ಮುಚ್ಚಲಿಲ್ಲ. ಅವನು ಬಸ್ಸಿನಲ್ಲಿ ಬಂದು ಇಳಿದು, ಯಾರ ಕಡೆಯೂ ನೋಡದೆ ನೆಲ ನೋಡುತ್ತ ಮನೆಗೆ ನಡೆದ. ನಾನು ಸೂಪು ತೆಗೆದುಕೊಂಡು ಹೋದೆ. ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದ.

"ಗೇಶ್ಯೆ, ಆ ಸಂದೇಶ ಓದಿ ಹೇಳಿದ್ರು ನಂಗೆ. ಜೋರಾಗಿ. ನಾನು ಬರೆದಿದ್ದು ಅಂತ." ಸೂಪು ಮುಟ್ಟಲಿಲ್ಲ. "ಆ ಶಾಲೇಲಿ ನಾನು ಒಂದು ಬೆಂಕಿಕಡ್ಡಿನೂ ಗೀರೋಕೆ ಬಿಟ್ಟಿಲ್ಲ ಯಾರಿಗೂ."

"ನಿನ್ನ ವೈಫೈ ಯಾರೋ ಉಪಯೋಗಿಸಿದಾರೆ. ಅಷ್ಟೂ ತಿಳಿಯಲ್ವಾ ಅವ್ರಿಗೆ?"

"ಅದ್ನೇ ಕೇಳಿದ್ರು. ಯಾರ್ಯಾರಿಗೆ ಪಾಸ್‌ವರ್ಡ್ ಕೊಟ್ಟಿದೀರಿ ಅಂತ. ನಾನು ಹೇಳ್ಲಿಲ್ಲ."

"ಯಾಕೋ ಹೇಳ್ಲಿಲ್ಲ?"

"ಎಲ್ರಿಗೂ ಕೊಟ್ಟಿದೀನಿ. ಹೇಳಿದ್ರೆ ಎಲ್ರ ಮನೆಗೂ ಹೀಗೇ ನುಗ್ತಾರೆ. ರೂಲೊಫ್‌ನ ಮನೇಲಿ ಸಣ್ಣ ಮೊಮ್ಮಕ್ಕಳಿದಾರೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮನೆಯ ಸಣ್ಣ ಮಕ್ಕಳು ಹೆದರದಿರಲಿ ಎಂದು ಇವನು ಬಾಯಿ ಮುಚ್ಚಿದನೋ ಆ ರೂಲೊಫ್ ತೆನ್ ಹಾವೆ ಮರುದಿನ ನಮ್ಮ ಬೇಕರಿಯಲ್ಲಿ ಏನು ಹೇಳಿದ ಎಂಬುದನ್ನೂ ಕೇಳಿ. ಅವನು ಲುಬ್ಬರ್ಟ್‌ನ ಪಕ್ಕದ ಮನೆಯವನು, ಬೀದಿಯ ಸಮಿತಿಗೆ ಅಧ್ಯಕ್ಷ, ಕಸದ ಡಬ್ಬಿ ಒಂದು ದಿನ ಮೊದಲೇ ಹೊರಗಿಟ್ಟರೆ ಬಂದು ಬಾಗಿಲು ಬಡಿಯುವವನು.

"ನಾನೇನೂ ಹೇಳಲ್ಲಪ್ಪ," ಅಂದ, ಬ್ರೆಡ್ಡಿನ ಚೀಲ ಹಿಡಿದು. "ಆದ್ರೆ ಸಭೇಲಿ ಮಕ್ಕಳು ಸತ್ತೇ ಹೋಗ್ತಾರೆ ಅಂದಿದ್ದು ಎಲ್ರೂ ಕೇಳಿದೀವಿ. ಒಂಟಿ ಮನುಷ್ಯ. ಇಡೀ ದಿನ ಆ ಕಿಟಕೀಲಿ ಕೂತು ಏನ್ ಯೋಚಿಸ್ತಾನೋ ಯಾರಿಗ್ ಗೊತ್ತು?"

"ಪೈಪಿನ ವಿಷಯ ಅದು, ರೂಲೊಫ್!"

"ನಾನೇನೂ ಹೇಳಲ್ಲ ಅಂದ್ನಲ್ಲ," ಅಂದು ಚಿಲ್ಲರೆ ತೆಗೆದುಕೊಂಡು ಹೋದ. ಏನೂ ಹೇಳುವುದಿಲ್ಲ ಎನ್ನುವವರೇ ಊರು ತುಂಬ ಹೇಳಿಕೊಂಡು ಬರುವುದು.

ಆದರೂ ಆ ಹಂತದಲ್ಲಿ ಯಾರೂ ಕೀಲಿ ಕೇಳಿರಲಿಲ್ಲ. ಬೀದಿ ಇನ್ನೂ ಅಡ್ಡಗೋಡೆಯ ಮೇಲೆ ಕೂತಿತ್ತು. ಅದನ್ನು ಅತ್ತ ಕಡೆ ಉರುಳಿಸಿದ್ದು ಒಂದು ಪರದೆ.

ಕಂಪನಿ ಹೊಸ ಪೆಟ್ಟಿಗೆ ಕಳಿಸಿತು. ಈ ಸಲ ಲುಬ್ಬರ್ಟ್ ಅದನ್ನು ಹಾವಿನ ಬುಟ್ಟಿ ತೆರೆಯುವವನ ಹಾಗೆ ತೆರೆದ. ಗ್ರಂಥಾಲಯದಲ್ಲಿ ಕಂಪ್ಯೂಟರ್ ಬಾರದವರಿಗೆ ಹೇಳಿಕೊಡುವ ಒಬ್ಬ ಹೆಂಗಸಿದ್ದಾಳೆ. ಅವಳ ಮುಂದೆ ಟೋಪಿ ತೆಗೆದು ಕೂತು, ಹೊರಗಿನವರು ಒಳಗೆ ಬಾರದ ಹಾಗೆ ಏನು ಮಾಡಬೇಕು ಎಂದು ಕೇಳಿದ. ಅವಳು ಹೇಳಿದ್ದನ್ನೆಲ್ಲ ಮಾಡಿದ. ಸ್ಟಿಕ್ಕರಿನ ಪಾಸ್‌ವರ್ಡ್ ತೆಗೆದು ತನ್ನದೇ ಉದ್ದನೆಯದೊಂದನ್ನು ಇಟ್ಟ. ಪೆಟ್ಟಿಗೆಯ ಒಳಗನ್ನು ತಿದ್ದುವ ಇನ್ನೊಂದು ಪಾಸ್‌ವರ್ಡ್ ಇದೆಯೆಂಬುದು ಅವನಿಗೆ ಗೊತ್ತೇ ಇರಲಿಲ್ಲ, ಅದನ್ನೂ ಬದಲಾಯಿಸಿದ. ಗುಂಡಿ ಒತ್ತಿದರೆ ಯಾರ ಫೋನನ್ನಾದರೂ ಒಳಗೆ ಬಿಡುವ ಸೌಲಭ್ಯ ಮುಚ್ಚಿದ. ಜಾಲದ ಹೆಸರಿನಿಂದ ಹೊಲ್ಟ್ರೊಪ್ ಎಂಬುದನ್ನು ಅಳಿಸಿದ. ಬಂದು ಹೋಗುವವರಿಗೆ ಬೇರೆಯೇ ಒಂದು ಜಾಲ ಮಾಡಬಹುದು ಎಂದು ಅವಳು ಹೇಳಿದಳಂತೆ. ಅದನ್ನೂ ಮಾಡಿದ. ಬೀದಿಯವರು ಬಂದು ಕೇಳಿದರೆ ಇರಲಿ ಎಂದು.

"ಯಾರಾದ್ರೂ ಕೇಳಿದ್ರಾ?" ಎಂದು ನಾನು ಒಂದು ದಿನ ವಿಚಾರಿಸಿದೆ.

"ಇನ್ನೂ ಇಲ್ಲ," ಅಂದ.

ಪೆಟ್ಟಿಗೆ ಎಲ್ಲಿಡಬೇಕು ಎಂಬ ಪ್ರಶ್ನೆ ಬಂತು. ಕಿಟಕಿಯಿಂದ ದೂರ, ಮನೆಯ ಒಳಗೆ, ಎಂದಿದ್ದಳು ಗ್ರಂಥಾಲಯದವಳು. ಮೀಟರ್ ಕಪಾಟಿನಲ್ಲಿ ಕೇಬಲ್ ಇತ್ತು, ಜಾಗ ಇರಲಿಲ್ಲ. ಕೀಲಿಗಳ ಹಲಗೆಯನ್ನು ಒಂದು ಪಕ್ಕಕ್ಕೆ ಒತ್ತರಿಸಿ ಅಲ್ಲೇ ಇಟ್ಟ. ಆಮೇಲೆ ಸಂತೆಯಲ್ಲಿ ದಪ್ಪ ಬೂದು ಬಟ್ಟೆ ಕೊಂಡು ಮುಂಗಿಟಕಿಗೆ ಪರದೆ ಹಾಕಿದ. ಆ ಪೊಲೀಸ್ ಹೆಂಗಸು ಕೇಳಿದ್ದಳಂತೆ, ನಿಮ್ಮ ಮನೆಯೊಳಗಿನದೆಲ್ಲ ಬೀದಿಗೆ ಯಾಕೆ ಕಾಣಬೇಕು, ಎಂದು. ಅವನಿಗೆ ಆ ಮಾತು ನಾಟಿತ್ತು. ಬೆಂಚನ್ನು ಹಿಂದಿನ ಅಂಗಳಕ್ಕೆ ಎಳೆದ.

ಕಾನೂನಿನವರು ಹೇಳಿದ್ದು ಇದೇ, ಗ್ರಂಥಾಲಯದವಳು ಹೇಳಿದ್ದೂ ಇದೇ. ನಮ್ಮ ಬೀದಿಗೆ ಮಾತ್ರ ಅದು ತಪ್ಪೊಪ್ಪಿಗೆಯ ಹಾಗೆ ಕಂಡಿತು.

"ನೋಡಿದ್ಯಾ, ಹಗಲು ಹೊತ್ತಲ್ಲೂ ಮುಚ್ಚಿರ್ತಾನೆ."

"ಮುಚ್ಚಿಡೋಕೆ ಏನೂ ಇಲ್ದಿದ್ರೆ ಯಾಕ್ ಮುಚ್ಚಬೇಕು?"

"ಪಾಸ್‌ವರ್ಡೂ ಬದಲಾಯ್ಸಿದಾನಂತೆ. ಈಗ್ಲೇ ಯಾಕೆ ಅಂತೀನಿ!"

ಬೇಕರಿಯಲ್ಲಿ ಇವನ್ನೆಲ್ಲ ಕೇಳಿ ಕೇಳಿ ನನ್ನ ರಕ್ತ ಕುದಿಯುತ್ತಿತ್ತು. ತೆರೆದಿಟ್ಟಾಗ ಬೇಜವಾಬ್ದಾರಿ, ಮುಚ್ಚಿದಾಗ ಕಳ್ಳ. ಮನುಷ್ಯ ಎಲ್ಲಿಗೆ ಹೋಗಬೇಕು? ಒಬ್ಬಳಿಗೆ ಬೇಯದ ಬ್ರೆಡ್ಡನ್ನೇ ಕಟ್ಟಿ ಕೊಟ್ಟೆ. ಅದರಿಂದ ಯಾರಿಗೂ ಪ್ರಯೋಜನವಾಗಲಿಲ್ಲ.

ಮೊದಲು ಬಂದವನು ರೂಲೊಫ್. ನಾನು ಆಗ ಲುಬ್ಬರ್ಟ್‌ನ ಅಡುಗೆಮನೆಯಲ್ಲೇ ಇದ್ದೆ. ರೂಲೊಫ್ ಬಾಗಿಲ ಹೊಸ್ತಿಲ ಆಚೆಯೇ ನಿಂತ.

"ಹೊಲ್ಟ್ರೊಪ್ ಅವರೇ, ನಮ್ಮ ಮನೆ ಕೀಲಿ ಒಂದು ನಿಮ್ಮ ಹತ್ರ ಇದ್ಯಲ್ಲ. ಮಗಳಿಗೆ ಬೇಕಂತೆ. ಅವಳದು ಎಲ್ಲೋ ಕಳೆದ್ಕೊಂಡ್ಳು."

ಮೂವತ್ತು ವರ್ಷ ಬ್ಯೂರ್ಮನ್, ನೀನು, ಎಂದು ಕರೆದ ಬಾಯಿ ಅದು. ಹೊಲ್ಟ್ರೊಪ್ ಅವರೇ, ನೀವು, ಎಂದಿತು. ಮರ್ಯಾದೆ ಕೊಟ್ಟು ಮುಖಕ್ಕೆ ಉಗಿಯುವುದು ಎಂದರೆ ಇದೇ. ಲುಬ್ಬರ್ಟ್ ಕಪಾಟು ತೆರೆದು ಕೀಲಿ ತೆಗೆದು ಕೊಟ್ಟ.

"ಮೀನಿಗೆ ಊಟ ಜಾಸ್ತಿ ಹಾಕ್ಬೇಡಿ," ಅಂತಷ್ಟೇ ಹೇಳಿದ. ಅವನೂ 'ನೀವು'ಗೆ ಬಂದಿದ್ದ.

ಆಮೇಲೆ ಸಾಲು ಹಿಡಿದರು. ಒಬ್ಬರಿಗೆ ಬೀಗ ಬದಲಾಯಿಸಬೇಕಿತ್ತು, ಒಬ್ಬರಿಗೆ ಅತ್ತೆ ಬರುವವಳಿದ್ದಳು, ಒಬ್ಬಳಂತೂ ಬೆಕ್ಕೇ ಸತ್ತುಹೋಯಿತು ಎಂದಳು. ಆ ಬೆಕ್ಕು ಆಗ ನನ್ನ ಹಿತ್ತಲ ಗೋಡೆಯ ಮೇಲೆ ಮಲಗಿತ್ತು. ಯಾರೂ ನಿಜ ಹೇಳಲಿಲ್ಲ. ಯಾರಾದರೂ ಒಬ್ಬರು, "ನನಗೆ ನಿನ್ನ ಮೇಲೆ ಅನುಮಾನ," ಎಂದು ಮುಖಕ್ಕೆ ಹೇಳಿದ್ದರೆ ಅವನು ಜಗಳವಾಡಬಹುದಿತ್ತು. ಅವರು ಅದಕ್ಕೂ ಅವಕಾಶ ಕೊಡಲಿಲ್ಲ.

ನನ್ನ ಬೆರೆಂಡ್ ಕೂಡ ಒಂದು ಸಂಜೆ ಪಾತ್ರೆ ಒರೆಸುತ್ತ ಬಾಯಿ ಬಿಟ್ಟ.

"ನಾನು ನಂಬಲ್ಲ ಕಣೆ. ಆದ್ರೂ ಎಲ್ರೂ ತಗೊಂಡಿದಾರೆ... ನಮ್ಮದೊಂದೇ ಅಲ್ಲಿ ಉಳಿಯೋದು..."

"ನೀನು ಆ ಬಾಗಿಲಿಗೆ ಹೋಗಿ ಕೀಲಿ ಕೇಳಿದ್ಯೋ," ಅಂದೆ, "ವಾಪಸ್ ಬರೋ ಹೊತ್ತಿಗೆ ಈ ಮನೆ ಬೀಗ ನಾನು ಬದಲಾಯ್ಸಿರ್ತೀನಿ."

ಅವನು ಮತ್ತೆ ಆ ಮಾತೆತ್ತಲಿಲ್ಲ. ಹಲಗೆಯ ಮೇಲೆ ನಮ್ಮ ಕೀಲಿಯೊಂದೇ ನೇತಾಡುತ್ತ ಉಳಿಯಿತು.

ಫೆಬ್ರವರಿಯಲ್ಲಿ ಲುಬ್ಬರ್ಟ್‌ನ ಹುಟ್ಟುಹಬ್ಬ. ನಮ್ಮಲ್ಲಿ ಯಾರೂ ಕರೆಯುವುದಿಲ್ಲ, ಯಾರೂ ಕರೆಯಿಸಿಕೊಳ್ಳುವುದಿಲ್ಲ. ದಿನ ಗೊತ್ತಿದ್ದವರು ಬಂದು ಕೂರುತ್ತಾರೆ, ಮನೆಯವರು ಕುರ್ಚಿಗಳನ್ನು ಸುತ್ತ ಜೋಡಿಸಿಡುತ್ತಾರೆ. ಹಿಂದಿನ ವರ್ಷ ಕುರ್ಚಿ ಸಾಲದೆ ನಮ್ಮ ಮನೆಯಿಂದ ಹೊತ್ತಿದ್ದೆವು. ಈ ಸಲವೂ ಅವನು ಇದ್ದಬದ್ದ ಕುರ್ಚಿಗಳನ್ನೆಲ್ಲ ಸುತ್ತ ಇಟ್ಟಿದ್ದ. ಮಾಳಿಗೆಯ ಮಡಿಸುವ ಕುರ್ಚಿಗಳನ್ನೂ ಇಳಿಸಿದ್ದ. ಸೇಬಿನ ಕೇಕು ಎರಡು. ಪರದೆ ಮಾತ್ರ ಆ ದಿನ ಪೂರ್ತಿ ಸರಿಸಿದ್ದ, ಬರುವವರಿಗೆ ಕಾಣಲಿ ಎಂದು.

ನಾನು, ಬೆರೆಂಡ್, ಅವನು. ಮೂವರು ಆ ದೊಡ್ಡ ಸುತ್ತಿನಲ್ಲಿ ಕೂತೆವು. ಕಿಟಕಿಯಾಚೆ ಜನ ಹಾದು ಹೋದರು. ಒಳಗೆ ನೋಡಿದರು, ನೋಡದವರ ಹಾಗೆ ಹೋದರು. ಅಲೈಡ, ಅಂದರೆ ರೂಲೊಫ್‌ನ ಹೆಂಡತಿ, ಎದುರು ಕಾಲುದಾರಿಗೆ ದಾಟಿಕೊಂಡು ಹೋದಳು. ಲುಬ್ಬರ್ಟ್ ಕೇಕು ಕತ್ತರಿಸಿದ, ಎಲ್ಲ ಕುರ್ಚಿಗಳಿಗೂ ಆಗುವಷ್ಟು. ಬೆರೆಂಡ್ ಪಾಪ, ಎರಡು ತುಂಡು ತಿಂದು ಮೂರನೆಯದಕ್ಕೂ ಕೈ ಹಾಕಿದ. ಸಂಜೆಯಾಗುವ ಮೊದಲೇ ಲುಬ್ಬರ್ಟ್ ಎದ್ದು ಪರದೆ ಎಳೆದ. ಅಂದಿನಿಂದ ಅದು ಸರಿಯಲಿಲ್ಲ.

ಆ ಸಂದೇಶಗಳನ್ನು ನಿಜವಾಗಿ ಕಳಿಸಿದವನು ಸಿಕ್ಕಿದ್ದು ವಸಂತದಲ್ಲಿ. ಗಿಡ್ಡ ಕಾಲಿನ ನಾಯಿಯವನು. ನದಿಯಾಚೆಯ ಹೊಸ ಬಡಾವಣೆಯಲ್ಲಿ ಮನೆ, ಮಕ್ಕಳು ಮೊಮ್ಮಕ್ಕಳು, ಚರ್ಚಿನಲ್ಲಿ ಮುಂದಿನ ಸಾಲು. ಲುಬ್ಬರ್ಟ್‌ನ ಕಿಟಕಿಯಿಂದ ಪೆಟ್ಟಿಗೆ ಹೋದ ಮೇಲೆ ಸ್ವಲ್ಪ ದಿನ ತೆಪ್ಪಗಿದ್ದ. ಕೈ ಸುಮ್ಮನಿರಲಿಲ್ಲ. ಇನ್ನೊಂದು ಬೀದಿಯಲ್ಲಿ ಇನ್ನೊಂದು ತೆರೆದ ಕಿಟಕಿ ಹುಡುಕಿದ, ಅಲ್ಲೂ ಸ್ಟಿಕ್ಕರು ಬೀದಿಗೆ ಕಾಣುತ್ತಿತ್ತು. ಆ ಮನೆಯವರು ಮಾತ್ರ ಕರೆಗಂಟೆಗೆ ಕ್ಯಾಮೆರಾ ಹಾಕಿಸಿದ್ದರು. ನಾಯಿ ಸಮೇತ ಸಿಕ್ಕಿಬಿದ್ದ. ಅವನ ಮೊಬೈಲಿನಲ್ಲಿ ಲುಬ್ಬರ್ಟ್‌ನ ಪೆಟ್ಟಿಗೆಯ ಬೆನ್ನಿನ ಚಿತ್ರವೂ ಇತ್ತಂತೆ, ಆರ್ಕಿಡ್ ಹೂವಿನ ಜೊತೆಗೆ.

ಅದೇ ಪೊಲೀಸ್ ಹೆಂಗಸು ಬಂದು ಲುಬ್ಬರ್ಟ್‌ಗೆ ಹೇಳಿದಳು. ಅವನು ಬಾಗಿಲನ್ನು ಸರಪಳಿಯಷ್ಟೇ ತೆರೆದು ಕೇಳಿಸಿಕೊಂಡನಂತೆ.

"ನಿಮ್ಮ ಮೇಲೆ ಈಗ ಏನೂ ಇಲ್ಲ. ತೊಂದರೆ ಆಯ್ತು, ಕ್ಷಮಿಸಿ."

"ಆ ನಾಯಿ ಈಗ ಯಾರ ಹತ್ರ ಇದೆ?" ಎಂದು ಕೇಳಿದ. ಅವಳಿಗೆ ಗೊತ್ತಿರಲಿಲ್ಲ.

ಸುದ್ದಿ ಹಬ್ಬಿದ ದಿನ ನಮ್ಮ ಬೇಕರಿಯಲ್ಲಿ ಸೇಬಿನ ಕೇಕು ಖಾಲಿ. ಎಲ್ಲರಿಗೂ ಒಂದೊಂದು ಬೇಕಿತ್ತು, ಎಲ್ಲರೂ ಒಂದೇ ಬಾಗಿಲಿಗೆ ಹೊರಟಿದ್ದರು. ಯಾರಿಗೂ ನಾಚಿಕೆಯಾದಂತೆ ಕಾಣಲಿಲ್ಲ. "ನಮಗೆ ಮೊದಲೇ ಗೊತ್ತಿತ್ತು" ಎಂಬ ಮಾತನ್ನು ಆ ದಿನ ನಾನು ಎಷ್ಟು ಬಾಯಲ್ಲಿ ಕೇಳಿದೆನೋ! ರೂಲೊಫ್ ಹೂಗುಚ್ಛ ಬೇರೆ ಹಿಡಿದಿದ್ದ. ಅವನ ಹಿಂದೆಯೇ ನಾನೂ ಹೋದೆ, ಏನು ಮಾಡುತ್ತಾನೆ ನೋಡೋಣ ಎಂದು.

"ಬ್ಯೂರ್ಮನ್!" ಅಂದ, ಬಾಗಿಲು ತೆರೆಯುವ ಮೊದಲೇ, ದೊಡ್ಡ ದನಿಯಲ್ಲಿ. "ಮುಗೀತಲ್ಲ ಮಾರಾಯ! ನಾನು ಅಲೈಡಂಗೆ ಹೇಳ್ತಾನೇ ಇದ್ದೆ, ನಮ್ಮ ಲುಬ್ಬರ್ಟ್ ಇರುವೆಗೂ ತೊಂದರೆ ಕೊಡೋನಲ್ಲ ಅಂತ. ತಗೋ, ಹೂವು. ಮತ್ತೆ ಇದು ನಮ್ಮ ಕೀಲಿ. ಮೇ ತಿಂಗಳಲ್ಲಿ ಹತ್ತು ದಿನ ಹೋಗ್ತಿದೀವಿ, ಮೀನು ನಿನ್ನ ನೋಡ್ದೆ ಸೊರಗಿವೆ."

ಲುಬ್ಬರ್ಟ್ ಸರಪಳಿ ತೆಗೆದ. ಹೂವು ತೆಗೆದುಕೊಂಡ. ಕೀಲಿಗೆ ಕೈ ಚಾಚಲಿಲ್ಲ.

"ಜಾಗ ಇಲ್ಲ," ಅಂದ.

"ಏನಂದೆ?"

"ಕೊಕ್ಕೆ ಹಲಗೆ ತೆಗೆದಿದೀನಿ. ಅಲ್ಲಿ ವೈಫೈ ಇದೆ. ಹೊರಗಿನೋರು ಒಳಗೆ ಬರದ ಹಾಗೆ ಇಟ್ಟಿದೀನಿ. ಹೂವಿಗೆ ಧನ್ಯವಾದ, ತೆನ್ ಹಾವೆ ಅವರೇ."

ಬಾಗಿಲು ಮುಚ್ಚಿತು. ರೂಲೊಫ್‌ನ ಮುಖ ನೋಡಬೇಕಿತ್ತು. "ಇಷ್ಟು ಒಳ್ಳೇದು ಮಾಡೋಕೆ ಬಂದ್ರೆ ಹೀಗಾ?" ಎಂದು ನನ್ನನ್ನೇ ಕೇಳಿದ. ನಾನು ಎಂದೂ ಇಲ್ಲದಷ್ಟು ಖುಷಿಯಾಗಿ ನಕ್ಕೆ. ಬೀದಿಯವರು ಒಬ್ಬೊಬ್ಬರಾಗಿ ಹೋಗಿ ಕೇಕು ಕೊಟ್ಟು ಕೀಲಿ ಮರಳಿ ಹಿಡಿದುಕೊಂಡು ಬರುವುದನ್ನು ನನ್ನ ಕಿಟಕಿಯಲ್ಲಿ ಕೂತು ನೋಡಿದೆ. ಸರಿಯಾಗಿ ಮಾಡಿದೆ ಲುಬ್ಬರ್ಟ್ ಎಂದುಕೊಂಡೆ. ಅವನೂ ನಾನೂ ಒಂದು ಕಡೆ, ಉಳಿದ ಬೀದಿಯೆಲ್ಲ ಇನ್ನೊಂದು ಕಡೆ ಎಂದು ನನಗೊಂದು ಜಂಬವೇ ಬಂದಿತ್ತು.

ಮರುದಿನ ಅವನು ರಸ್ತೆ ದಾಟಿ ನಮ್ಮ ಮನೆಗೆ ಬಂದ. ಎಷ್ಟೋ ತಿಂಗಳ ಮೇಲೆ ಅವನು ಯಾರದಾದರೂ ಮನೆಯ ಕರೆಗಂಟೆ ಒತ್ತಿದ್ದು ಅದೇ ಮೊದಲು. ಒಳಗೆ ಬಾ ಎಂದರೆ ಬರಲಿಲ್ಲ. ಕೋಟಿನ ಜೇಬಿನಿಂದ ನಮ್ಮ ಮನೆಯ ಕೀಲಿ ತೆಗೆದು ಹಿಡಿದ.

"ಇದು ನಿಂದು."

"ನನಗ್ಯಾಕೋ? ನಾನು ಕೇಳಿದ್ನಾ?"

"ಇಲ್ಲ. ನೀನೊಬ್ಬಳೇ ಕೇಳದೆ ಇದ್ದವಳು. ಅದ್ನ ಮರೆಯಲ್ಲ."

"ಮತ್ತೆ ಇಟ್ಕೋ. ನನ್ನನ್ನೂ ಆ ಕುರಿಗಳ ಜೊತೆ ಸೇರಿಸ್ತೀಯಾ?"

ಅವನು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ನೀನು ಕೇಳ್ಲಿಲ್ಲ ಗೇಶ್ಯೆ. ಆದ್ರೆ ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ ಇಡೀ ಚಳಿಗಾಲ ನಾನು ಕಾದಿದೀನಿ. ನೀನು ಸೂಪು ತಂದಾಗ್ಲೆಲ್ಲ, ಸೂಪಿಗೆ ಬಂದ್ಳೋ ಕೀಲಿಗೆ ಬಂದ್ಳೋ ಅಂತ ಮೊದಲು ನಿನ್ನ ಮುಖ ನೋಡ್ತಿದ್ದೆ. ನಿನ್ನ ಮೇಲೂ ನನಗೆ ಅನುಮಾನ ಬಂತಲ್ಲ, ಅದು ಇನ್ನು ಹೋಗಲ್ಲ. ಹಾಗಿರೋವಾಗ ನಿನ್ನ ಮನೆ ಕೀಲಿ ನನ್ನ ಹತ್ರ ಇರಬಾರ್ದು."

ಕೀಲಿ ನನ್ನ ಮುಷ್ಟಿಯಲ್ಲೇ ಉಳಿಯಿತು. ಅವನು ಟೋಪಿ ಮುಟ್ಟಿ, ಎರಡೂ ಕಡೆ ನೋಡಿಕೊಂಡು ರಸ್ತೆ ದಾಟಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ, ಸರಪಳಿ ಸಿಕ್ಕಿಸಿದ ಸದ್ದು ಇಲ್ಲಿಯವರೆಗೂ ಕೇಳಿಸಿತು.

"ಯಾರು ಬಂದಿದ್ದು?" ಎಂದು ಬೆರೆಂಡ್ ಒಳಗಿನಿಂದ ಕೂಗಿದ.

"ಎದುರು ಮನೆಯವರು," ಅಂದೆ.